ಹೇಳಿದಂತೆ ಮಾಡುವವನು, ಬೇಕಾದಷ್ಟೇ ಮಾಡುವವನು

ಪರಶುರಾಂಪುರದ ಕಡೆ ‘ಬಿಡುಗಡೆ’ ಎಂಬ ಮಾತು ಕಿವಿಗೆ ಬಿದ್ದರೆ ಜನರ ಮನಸ್ಸು ಮೊದಲು ಹರಿಯುವುದು ನೀರಿನ ಕಡೆಗೆ. ವಾಣಿ ವಿಲಾಸ ಸಾಗರದಿಂದ ವೇದಾವತಿಗೆ ನೀರು ಬಿಟ್ಟರೇ, ಎಷ್ಟು ಬಿಟ್ಟರು, ಎಲ್ಲಿಯವರೆಗೆ ಬಂದಿತು ಎಂಬುದೇ ಅಲ್ಲಿ ಮುಖ್ಯವಾದ ಸಮಾಚಾರ. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಪುನಃ ಕೋಡಿ ಬಿದ್ದುದು 89 ವರ್ಷಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ. ಇಂಥ ಸೀಮೆಯಲ್ಲಿ ಆ ಮಾತಿಗೆ ಬೇರೆ ಅರ್ಥ ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಆದರೆ ಬಯಲುಸೀಮೆಯ ಊರುಗಳಲ್ಲಿ ಓದು ಮುಗಿಸಿ ಬೆಂಗಳೂರಿನ ಗಣಕ ಸಂಸ್ಥೆಗಳನ್ನು ಸೇರಿರುವ ತರುಣರ ಬಾಯಲ್ಲಿ ಇದೇ ಮಾತಿಗೆ ಇನ್ನೊಂದು ಅರ್ಥ ಉಂಟು. ಸಿದ್ಧವಾದ ಹೊಸ ತಂತ್ರಾಂಶವನ್ನು ಬಳಸುವವರ ಕೈಗೆ ತಲುಪಿಸುವುದು ಅವರ ಬಿಡುಗಡೆ. ಮನೆಗೆ ದೂರವಾಣಿ ಮಾಡಿ, “ಈ ರಾತ್ರಿ ಬಿಡುಗಡೆ ಇದೆ, ಕಾಯಬೇಡಿ” ಎಂದು ಮಗ ಹೇಳಿದರೆ, ನೀರಿನ ಬಿಡುಗಡೆಗೆ ಅಷ್ಟು ಜನ ಇರುವಂತೆ ಇದಕ್ಕೂ ಇವನೊಬ್ಬನೇ ಏಕೆ ಕೂರಬೇಕು ಎಂದು ತಾಯಿಗೆ ತೋರುವುದು ಸಹಜ. ಆ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ.

ಈ ಕೆಲಸ ಊರಿಗೆ ಸಂಬಂಧಿಸದ ದೂರದ ಸಂಗತಿಯೆಂದು ಭಾವಿಸಬೇಕಾಗಿಲ್ಲ. ಪರಶುರಾಂಪುರ ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಶೇಂಗಾ ಬಿತ್ತುವ ರೈತನು ಬೆಳೆಸಾಲಕ್ಕೆ ಹೋಗಬೇಕಾದರೆ ಪಹಣಿ ಬೇಕು. ಪಹಣಿ ಬರುವುದು ‘ಭೂಮಿ’ ಎಂಬ ತಂತ್ರಾಂಶದಿಂದ. ಕರ್ನಾಟಕ ಸರ್ಕಾರವು ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ 2000ದ ಆಸುಪಾಸಿನಲ್ಲಿ ಕೈಗೆತ್ತಿಕೊಂಡ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕೈಬರಹದ ಪುಸ್ತಕದಿಂದ ಗಣಕವನ್ನು ಸೇರಿದವು. ಅಂದಿನ 177 ತಾಲ್ಲೂಕುಗಳಲ್ಲಿ ಗಣಕ ಕೇಂದ್ರಗಳು ತೆರೆದವು. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳಿಗೆ, ಮೊದಲು ಬಂದದ್ದಕ್ಕೆ ಮೊದಲ ಸರದಿ ಎಂಬ ನಿಯಮವನ್ನು ತಂತ್ರಾಂಶದೊಳಗೇ ಇಟ್ಟರು. ಸರದಿ ತಪ್ಪಿಸುವ ಕೈಚಳಕಕ್ಕೆ ಅಲ್ಲಿ ಎಡೆಯಿಲ್ಲದಂತಾಯಿತು.

ಈಗ ವಾಚಕರು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬೇಕು. ಅಂಥ ಒಂದು ನಿಯಮದಲ್ಲಿ ತಿದ್ದುಪಡಿಯಾಯಿತೆನ್ನಿ. ಬರೆದವನು ಬೆಂಗಳೂರಿನಲ್ಲಿ ಬರೆದು ಮುಗಿಸಿದನು. ಆಮೇಲಿನ ಕೆಲಸಗಳು ಎಷ್ಟು! ಬರೆದುದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು, ಪರೀಕ್ಷೆಗಳನ್ನು ನಡೆಸಬೇಕು, ಆವೃತ್ತಿಯ ಸಂಖ್ಯೆ ಕೊಟ್ಟು ಗಂಟು ಕಟ್ಟಬೇಕು, ಗಂಟಿಗೆ ಮೊಹರು ಹಾಕಬೇಕು, ಅದನ್ನು 177 ಯಂತ್ರಗಳಿಗೆ ಸಾಗಿಸಬೇಕು, ಹಳೆಯದನ್ನು ನಿಲ್ಲಿಸಿ ಹೊಸದನ್ನು ಕೂರಿಸಬೇಕು, ಕೂತಿತೇ ಎಂದು ನೋಡಬೇಕು, ಕೂರದಿದ್ದರೆ ಹಳೆಯದನ್ನೇ ಮರಳಿ ತರಬೇಕು. 176 ಕಡೆ ಸರಿಯಾಗಿ ನಡೆದು ಚಳ್ಳಕೆರೆಯೊಂದರಲ್ಲಿ ತಪ್ಪಿದರೆ ಬೆಂಗಳೂರಿಗೆ ಅದು ಲೆಕ್ಕದ ಒಂದು ಅಂಕೆ; ಪರಶುರಾಂಪುರದಿಂದ ಬಸ್ಸು ಹತ್ತಿ ಬಂದವನಿಗೆ ಅದೇ ಆ ದಿನದ ಕೂಲಿ, ಆ ವರ್ಷದ ಸಾಲ. ಇದನ್ನು ಕೈಯಿಂದ ಮಾಡಲಾಗದೆಂಬುದು ಸ್ಪಷ್ಟ. ಯಂತ್ರದಿಂದಲೇ ಮಾಡಿಸಬೇಕು. ಮಾಡಿಸಲು ಆಳುಗಳು ಎರಡು ಬಗೆ: ಸ್ಕ್ರಿಪ್ಟ್ ಭಾಷೆ ಒಂದು, ಬಿಲ್ಡ್ ಸಾಧನ ಇನ್ನೊಂದು. ಯಾವುದನ್ನು ಆರಿಸಬೇಕೆಂಬ ವಾದ ಗಣಕದವರಲ್ಲಿ ಅರ್ಧ ಶತಮಾನದಿಂದ ನಡೆದೇ ಇದೆ.

ಈ ಎರಡರ ಭೇದ ತಿಳಿಯಲು ಚಳ್ಳಕೆರೆ ಸೀಮೆಯ ಕಂಬಳಿಯಷ್ಟು ಒಳ್ಳೆಯ ಉದಾಹರಣೆ ಬೇರೊಂದಿಲ್ಲ. ಕುರಿಯ ಉಣ್ಣೆ ಕತ್ತರಿಸುವುದು, ಹಿಂಜುವುದು, ನೂಲುವುದು, ಹಾಸು ಹೂಡುವುದು, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸುವುದು, ಗುಂಡಿಮಗ್ಗದಲ್ಲಿ ನೇಯುವುದು: ಕ್ರಮ ಇದು. ಈ ಕ್ರಮವನ್ನು ಹಾಗೆಯೇ ಕಾಗದದ ಮೇಲೆ ಬರೆದು ಒಬ್ಬ ಆಳಿನ ಕೈಗೆ ಕೊಟ್ಟರೆ ಅದು ಸ್ಕ್ರಿಪ್ಟ್. ಅವನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಚಾಚೂ ತಪ್ಪದೆ ನಡೆಸುತ್ತಾನೆ. ನಿನ್ನೆ ನೂತ ನೂಲು ಮೂಲೆಯಲ್ಲಿ ರಾಶಿ ಬಿದ್ದಿದ್ದರೂ ಕುರಿಯನ್ನು ಹಿಡಿದು ಪುನಃ ಬೋಳಿಸಲು ಹೊರಡುತ್ತಾನೆ.

ಎರಡನೆಯವನಿಗೆ ಕ್ರಮವನ್ನು ಹೇಳುವುದಿಲ್ಲ, ಸಂಬಂಧವನ್ನು ಹೇಳುತ್ತಾರೆ. ಕಂಬಳಿಗೆ ಗಂಜಿ ಹಚ್ಚಿದ ಹಾಸು ಬೇಕು, ಹೊಕ್ಕಿನ ನೂಲು ಬೇಕು. ಗಂಜಿಯ ಹಾಸಿಗೆ ನೂಲೂ ಬೇಕು, ಹುಣಸೆಬೀಜವೂ ಬೇಕು. ನೂಲಿಗೆ ಹಿಂಜಿದ ಉಣ್ಣೆ ಬೇಕು. ಇಷ್ಟು ತಿಳಿಸಿ, “ಕಂಬಳಿ ಕೊಡು” ಎಂದರೆ ಅವನು ಹಿಂದಕ್ಕೆ ನೋಡುತ್ತ ಹೋಗುತ್ತಾನೆ. ನೂಲು ಇದೆ, ಸರಿ. ಗಂಜಿ ಕೆಟ್ಟಿದೆ, ಹಾಗಾದರೆ ಗಂಜಿಯಿಂದ ಮುಂದಿನದನ್ನು ಮಾತ್ರ ಹೊಸದಾಗಿ ಮಾಡಬೇಕು. ಕುರಿಯ ಗೊಡವೆಗೆ ಹೋಗುವುದೇ ಇಲ್ಲ. ಇವನೇ ಬಿಲ್ಡ್ ಸಾಧನ. ಮೊದಲನೆಯವನು ಹೇಳಿದಂತೆ ಮಾಡುವವನು, ಇವನು ಬೇಕಾದಷ್ಟೇ ಮಾಡುವವನು.

ಈ ಎರಡನೆಯ ಆಳಿನ ಜನ್ಮವೃತ್ತಾಂತ ಸ್ವಾರಸ್ಯವಾದದ್ದು. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬ ವಿಜ್ಞಾನಿಯ ಕೊಠಡಿಗೆ ಸ್ಟೀವ್ ಜಾನ್‌ಸನ್ ಎಂಬ ಸಹೋದ್ಯೋಗಿ ಸಿಡಿಮಿಡಿಗೊಂಡು ನುಗ್ಗಿದನು. ಬೆಳಗಿನಿಂದ ಒಂದು ಕ್ರಮವಿಧಿಯ ದೋಷವನ್ನು ಹುಡುಕಿ ಹುಡುಕಿ ಸೋತಿದ್ದನು. ವಿಚಾರಿಸಿದರೆ ದೋಷವನ್ನು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಭಾಗವನ್ನು ಯಂತ್ರರೂಪಕ್ಕೆ ತರುವುದನ್ನು ಮರೆತುದರಿಂದ ಹಳೆಯದೇ ಓಡುತ್ತಿತ್ತು. ಫೆಲ್ಡ್‌ಮನ್ನನೂ ಹಿಂದಿನ ಸಂಜೆ ಅದೇ ಪೇಚಿಗೆ ಸಿಕ್ಕಿದ್ದವನೇ. ಆ ವಾರದ ಕೊನೆಯ ರಜೆಯಲ್ಲಿ ಅವನು ‘ಮೇಕ್’ ಎಂಬ ಸಾಧನದ ಮೊದಲ ರೂಪವನ್ನು ಬರೆದನು. ಅದರ ಯುಕ್ತಿ ಬಹು ಸರಳ: ಪ್ರತಿ ಕಡತಕ್ಕೂ ಅದನ್ನು ಕೊನೆಯ ಬಾರಿ ತಿದ್ದಿದ ವೇಳೆಯ ಗುರುತಿರುತ್ತದೆ. ಮೂಲ ಕಡತವು ಅದರಿಂದ ಹುಟ್ಟಿದ ಕಡತಕ್ಕಿಂತ ಹೊಸದಾಗಿದ್ದರೆ ಮರಳಿ ಮಾಡು, ಇಲ್ಲವಾದರೆ ಸುಮ್ಮನಿರು. ಈ ಸರಳತೆಗೆ 2003ರಲ್ಲಿ ಗಣಕಶಾಸ್ತ್ರದ ಅಂತರರಾಷ್ಟ್ರೀಯ ಸಂಘವಾದ ಎ.ಸಿ.ಎಂ. ತನ್ನ ತಂತ್ರಾಂಶ ಪ್ರಶಸ್ತಿಯನ್ನು ಕೊಟ್ಟಿತು.

ಮೇಕ್‌ಗೆ ಒಂದು ಕುಪ್ರಸಿದ್ಧಿಯೂ ಉಂಟು. ಅದರ ಕಡತದಲ್ಲಿ ಆಜ್ಞೆಯ ಸಾಲು ‘ಟ್ಯಾಬ್’ ಎಂಬ ಕೀಲಿಯಿಂದಲೇ ಆರಂಭವಾಗಬೇಕು; ಬರಿಯ ಖಾಲಿ ಜಾಗ ಬಿಟ್ಟರೆ ಸಿಟ್ಟಾಗುತ್ತದೆ. ಕಣ್ಣಿಗೆ ಎರಡೂ ಒಂದೇ. ಇದನ್ನು ಬದಲಾಯಿಸಬೇಕೆಂದು ಫೆಲ್ಡ್‌ಮನ್ನನಿಗೆ ತೋರುವಷ್ಟರಲ್ಲಿ ಬಳಸುವವರು ಹತ್ತು ಹನ್ನೆರಡು ಮಂದಿ ಆಗಿದ್ದರಂತೆ; ಅವರಿಗೆ ತೊಂದರೆ ಕೊಡಲು ಮನಸ್ಸಾಗಲಿಲ್ಲವಂತೆ. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಇಂದಿಗೂ ಲೋಕದ ಲಕ್ಷಾಂತರ ಜನ ಸುಂಕ ತೆರುತ್ತಿದ್ದಾರೆ.

ಸ್ಕ್ರಿಪ್ಟ್ ಭಾಷೆಗಳ ವಂಶ ಬೇರೆ. 1979ರಲ್ಲಿ ಯೂನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯೊಡನೆ ಸ್ಟೀಫನ್ ಬೋರ್ನನ ಶೆಲ್ ಬಂದಿತು. 1987ರಲ್ಲಿ ಲ್ಯಾರಿ ವಾಲನ ಪರ್ಲ್. 1991ರಲ್ಲಿ ಗೈಡೋ ವಾನ್ ರಾಸಮ್ಮನ ಪೈಥಾನ್. ಇವು ಏನನ್ನು ಬೇಕಾದರೂ ಹೇಳಬಲ್ಲ ಭಾಷೆಗಳು. ‘ಹೀಗಾದರೆ ಹಾಗೆ ಮಾಡು’, ‘ಇಷ್ಟು ಬಾರಿ ಮಾಡು’, ‘ಹತ್ತು ನಿಮಿಷ ಕಾದು ಪುನಃ ಕೇಳು’ ಎಂಬ ಮಾತುಗಳೆಲ್ಲ ಇವುಗಳಲ್ಲಿ ಸಲೀಸು. ಬಿಲ್ಡ್ ಸಾಧನದ ಬಾಯಲ್ಲಿ ಇದೇ ಮಾತುಗಳು ತೊದಲುತ್ತವೆ.

ತೊದಲಿಕೆಯ ಫಲವನ್ನು ಕಂಡವನು ಜೇಮ್ಸ್ ಡಂಕನ್ ಡೇವಿಡ್‌ಸನ್. ಜಾವಾ ಭಾಷೆಯಲ್ಲಿ ಕೆಲಸ ಮಾಡುತ್ತಿದ್ದ ಇವನಿಗೆ ಮೇಕ್‌ನ ಟ್ಯಾಬೂ ಅದರ ಯೂನಿಕ್ಸ್ ಅವಲಂಬನೆಯೂ ಬೇಸರ ತಂದವು. ಅವನು ಕಟ್ಟಿದ ‘ಆ್ಯಂಟ್’ 2000ದಲ್ಲಿ ಪ್ರತ್ಯೇಕ ಸಾಧನವಾಗಿ ಹೊರಬಂದಿತು. ಅದರ ಕಡತ ಕೋನಾಕಾರದ ಆವರಣ ಚಿಹ್ನೆಗಳಿಂದ ತುಂಬಿದ ಎಕ್ಸ್.ಎಂ.ಎಲ್. ಪಟ್ಟಿ, ಭಾಷೆಯಲ್ಲ, ಬರಿಯ ಪಟ್ಟಿ. ಪಟ್ಟಿ ಚಿಕ್ಕದಾಗಿದ್ದಾಗ ಚೆಂದವಾಗಿತ್ತು. ಜನರ ಅಗತ್ಯ ಬೆಳೆಯಿತು. ಪಟ್ಟಿಯೊಳಗೆ ‘ಹೀಗಾದರೆ’ ಬೇಕೆಂದರು, ‘ಮತ್ತೆ ಮತ್ತೆ’ ಬೇಕೆಂದರು. ಕಡೆಗೆ ಅತ್ತ ಪಟ್ಟಿಯೂ ಅಲ್ಲದ ಇತ್ತ ಭಾಷೆಯೂ ಅಲ್ಲದ ಒಂದು ಪ್ರಾಣಿ ಸಾವಿರಾರು ಸಾಲುಗಳಷ್ಟು ಉದ್ದ ಬೆಳೆದು ಕಚೇರಿಗಳಲ್ಲಿ ಮಲಗಿತು. ಅಂದೇ ಇಷ್ಟು ತಿಳಿದಿದ್ದರೆ ಪೈಥಾನಿನಂಥ ನಿಜವಾದ ಸ್ಕ್ರಿಪ್ಟ್ ಭಾಷೆಯನ್ನೇ ಬಳಸಲು ನೋಡುತ್ತಿದ್ದೆನೆಂಬ ಅರ್ಥದಲ್ಲಿ ಡೇವಿಡ್‌ಸನ್ನನೇ ಮುಂದೆ ಬರೆದನು. ಆಮೇಲೆ ಬಂದ ಗ್ರೇಡಲ್ ಮುಂತಾದ ಸಾಧನಗಳು ಆ ಮಾತಿಗೆ ಕಿವಿಗೊಟ್ಟು, ಸಂಬಂಧಗಳ ಲೆಕ್ಕವನ್ನು ಇಟ್ಟುಕೊಂಡೇ ಬರೆಯಲು ಪೂರ್ಣ ಭಾಷೆಯೊಂದನ್ನು ಕೊಟ್ಟವು.

ಎರಡು ಆಳುಗಳೂ ಜಗಳವಿಲ್ಲದೆ ದುಡಿಯುವ ಮನೆಯೊಂದಿದೆ. 1993ರಲ್ಲಿ ಆರಂಭವಾದ ‘ಡೆಬಿಯನ್’ ಎಂಬ ಉಚಿತ ತಂತ್ರಾಂಶ ಭಂಡಾರವೇ ಅದು. ಕನ್ನಡಿಗರು ಅದನ್ನು ಬಲ್ಲರು. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸಗಳು ಅಲ್ಲಿ ಲೋಕದ ಮಿಕ್ಕ ಲಿಪಿಗಳೊಡನೆ ಸಮಾನವಾಗಿ ಕುಳಿತಿವೆ. ಅಲ್ಲಿ ಸೇರುವ ಪ್ರತಿಯೊಂದು ಗಂಟಿನ ಮೂಲದಲ್ಲಿಯೂ ‘ನಿಯಮಗಳು’ ಎಂಬ ಅರ್ಥದ ಒಂದು ಕಡತ ಇರಲೇಬೇಕು, ಅದು ಮೇಕ್ ಕಡತವೇ ಆಗಿರಬೇಕು ಎಂಬುದು ಮನೆಯ ಕಟ್ಟಳೆ. ಆದರೆ ಇಂದು ಬಹುಪಾಲು ಗಂಟುಗಳಲ್ಲಿ ಆ ಕಡತವನ್ನು ತೆರೆದು ನೋಡಿದರೆ ಒಳಗೆ ಕೆಲವೇ ಸಾಲು! ಆ ಸಾಲುಗಳು ಕೆಲಸವನ್ನು ‘ಡೆಬ್‌ಹೆಲ್ಪರ್’ ಎಂಬ ಕ್ರಮವಿಧಿಗಳ ಗುಂಪಿಗೆ ಒಪ್ಪಿಸುತ್ತವೆ. ಆ ಕ್ರಮವಿಧಿಗಳು ಪರ್ಲ್ ಭಾಷೆಯವು. ಬಾಗಿಲಲ್ಲಿ ಮೇಕ್, ಒಳಮನೆಯಲ್ಲಿ ಪರ್ಲ್. ಬಾಗಿಲು ಎಲ್ಲ ಮನೆಗೂ ಒಂದೇ ಆದುದರಿಂದ ಹೊಸಬನಿಗೆ ಎಲ್ಲಿಂದ ಒಳಹೋಗಬೇಕೆಂಬ ಗೊಂದಲವಿಲ್ಲ. ಒಳಗಿನ ಕೆಲಸಕ್ಕೆ ಪೂರ್ಣ ಭಾಷೆ ಇರುವುದರಿಂದ ಮಾಡುವವನಿಗೆ ಇಕ್ಕಟ್ಟಿಲ್ಲ. ಅಕ್ಷರವಿನ್ಯಾಸದ ಕೆಲಸವೂ ಇಂಥದೇ. ಫಾಂಟ್‌ಫೋರ್ಜ್ ಎಂಬ ಸಾಧನದಿಂದ ಅಕ್ಷರಗಳ ರೇಖಾಮೂಲವನ್ನು ಬಳಕೆಯ ಕಡತವಾಗಿ ಪರಿವರ್ತಿಸಲು ಪೈಥಾನಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು. ರೇಖಾಮೂಲ ಬದಲಾಗಿದೆಯೇ, ಆ ನಾಲ್ಕು ಸಾಲನ್ನು ಈಗ ಓಡಿಸಬೇಕೇ ಎಂಬುದನ್ನು ಮೇಕ್ ಹೇಳುತ್ತದೆ.

ಇಷ್ಟರಿಂದ ಬಿಲ್ಡ್ ಸಾಧನವೇ ಯಜಮಾನ, ಸ್ಕ್ರಿಪ್ಟು ಆಳು ಎಂದು ತೋರಬಹುದು. ಕಟ್ಟುವ ಕೆಲಸದಲ್ಲಿ ಆ ಮಾತು ನಿಜ. ಸಾಗಿಸುವ ಕೆಲಸದಲ್ಲಿ ನಿಜವಲ್ಲ. ಅಲ್ಲಿಯೇ ಅನೇಕರು ಎಡವುತ್ತಾರೆ.

2012ರ ಆಗಸ್ಟ್ 1ರಂದು ಅಮೆರಿಕದಲ್ಲಿ ನಡೆದುದನ್ನು ನೋಡಿ. ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆಯಲ್ಲಿ ಎಂಟು ಯಂತ್ರಗಳಿಗೆ ಹೊಸ ತಂತ್ರಾಂಶ ಹಾಕಬೇಕಾಗಿತ್ತು. ಕೆಲಸದವನು ಏಳಕ್ಕೆ ಹಾಕಿದನು, ಎಂಟನೆಯದಕ್ಕೆ ಹಾಕಲಿಲ್ಲ. ಎರಡನೆಯವನೊಬ್ಬನು ಬಂದು ಪರೀಕ್ಷಿಸಬೇಕೆಂಬ ಲಿಖಿತ ವಿಧಿ ಅಲ್ಲಿರಲಿಲ್ಲ. ಎಂಟನೆಯ ಯಂತ್ರದಲ್ಲಿ, ಸಂಸ್ಥೆಯು 2003ರಲ್ಲಿಯೇ ಬಳಸುವುದನ್ನು ಬಿಟ್ಟಿದ್ದ ಒಂದು ಹಳೆಯ ಭಾಗ ಮಲಗಿತ್ತು. ಅದನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸ ತಂತ್ರಾಂಶ ಬೇರೊಂದು ಉದ್ದೇಶಕ್ಕೆ ಬಳಸಿಕೊಂಡಿತ್ತು. ಬೆಳಗ್ಗೆ ಮಾರುಕಟ್ಟೆ ತೆರೆದೊಡನೆ ಮಲಗಿದ್ದುದು ಎದ್ದು ಷೇರುಗಳನ್ನು ಕೊಳ್ಳುತ್ತ ಮಾರುತ್ತ ಹೊರಟಿತು. ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆಯು 97 ಮಿಂಚಂಚೆಗಳಲ್ಲಿ ದೋಷವನ್ನು ಸೂಚಿಸಿತ್ತು. ಯಾರೂ ಅವನ್ನು ಎಚ್ಚರಿಕೆಯೆಂದು ಎಣಿಸಲಿಲ್ಲ. ಗಾಬರಿಯಲ್ಲಿ ಸರಿಯಾಗಿದ್ದ ಏಳು ಯಂತ್ರಗಳಿಂದಲೂ ಹೊಸದನ್ನು ಕಿತ್ತುಹಾಕಿದರು. ಅವುಗಳಲ್ಲಿಯೂ ಅದೇ ಭೂತ ಎದ್ದಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 46 ಕೋಟಿ ಡಾಲರಿಗೂ ಮೇಲು. ಅಲ್ಲಿಯ ಷೇರು ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ 1 ಕೋಟಿ 20 ಲಕ್ಷ ಡಾಲರು ದಂಡ ವಿಧಿಸಿತು. ಅಷ್ಟರಲ್ಲಿ ಆ ಸಂಸ್ಥೆ ಇನ್ನೊಂದರೊಡನೆ ವಿಲೀನವಾಗಿ ಹೋಗಿತ್ತು.

ಲೋಕದ ಅತ್ಯುತ್ತಮ ಬಿಲ್ಡ್ ಸಾಧನ ಅಲ್ಲಿದ್ದರೂ ಇದು ತಪ್ಪುತ್ತಿರಲಿಲ್ಲ. ಏಕೆಂದರೆ ಗಂಟು ಸರಿಯಾಗಿಯೇ ಕಟ್ಟಿತ್ತು. ಮೇಕ್ ನೋಡುವುದು ತನ್ನ ಅಂಗಳದ ಕಡತಗಳ ವೇಳೆಯನ್ನು. ದೂರದ ಎಂಟನೆಯ ಯಂತ್ರದಲ್ಲಿ ಏನು ಕುಳಿತಿದೆಯೆಂಬುದು ಅದರ ಕಣ್ಣಿಗೆ ಬೀಳದು. “ಎಲ್ಲವೂ ಹೊಸದಾಗಿಯೇ ಇದೆ” ಎಂದು ಅದು ನಿಶ್ಚಿಂತೆಯಿಂದ ಹೇಳಿರುತ್ತಿತ್ತು. ಎಂಟು ಬಾಗಿಲನ್ನೂ ತಟ್ಟಿ, ಎಂಟರಿಂದಲೂ ಉತ್ತರ ಪಡೆದು, ಉತ್ತರಗಳನ್ನು ಹೋಲಿಸುವ ಕೆಲಸ ಸ್ಕ್ರಿಪ್ಟಿನದು. ಭೂಮಿಯ 177 ತಾಲ್ಲೂಕುಗಳ ಉದಾಹರಣೆಗೂ ಇದೇ ಮಾತು ಸಲ್ಲುತ್ತದೆ.

ಆದರೆ ಎಂಥ ಸ್ಕ್ರಿಪ್ಟು? ಶೆಲ್ಲಿನ ಸ್ವಭಾವದಲ್ಲಿ ಒಂದು ಅಪಾಯವಿದೆ. ಒಂದು ಸಾಲು ಸೋತರೂ, ಬೇರೆ ರೀತಿ ಹೇಳದ ಹೊರತು, ಅದು ನಿಲ್ಲದೆ ಮುಂದಿನ ಸಾಲಿಗೆ ಹೋಗುತ್ತದೆ. ಸಾಗಣೆ ಸೋತಿದ್ದರೂ ‘ಹಳೆಯದನ್ನು ಅಳಿಸು’ ಎಂಬ ಮುಂದಿನ ಸಾಲನ್ನು ವಿಧೇಯತೆಯಿಂದ ನಡೆಸುತ್ತದೆ. ಮೇಕ್ ಹಾಗಲ್ಲ, ಒಂದು ಆಜ್ಞೆ ಸೋತರೆ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ಶೆಲ್ಲಿನಲ್ಲಿ ಬರೆಯುವವನು ಮೊದಲ ಸಾಲಿನಲ್ಲಿಯೇ ‘ಸೋತರೆ ನಿಲ್ಲು’ ಎಂಬ ಆಜ್ಞೆಯನ್ನು ಇಡುವುದು ಅವಶ್ಯ. ಅದೂ ಎಲ್ಲ ಸಂದರ್ಭಗಳಲ್ಲಿ ಕಾಯುವುದಿಲ್ಲ. ಶೆಲ್ ಸ್ಕ್ರಿಪ್ಟು ನೂರು ಸಾಲು ದಾಟಿದರೆ ಬೇರೆ ಭಾಷೆಗೆ ಬದಲಿಸಿರೆಂದು ಗೂಗಲ್ ಸಂಸ್ಥೆ ತನ್ನ ಕೆಲಸಗಾರರ ಕೈಪಿಡಿಯಲ್ಲಿ ಹೇಳಿರುವುದಕ್ಕೆ ಕಾರಣವಿಲ್ಲದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. 93ನೆಯ ತಾಲ್ಲೂಕಿನಲ್ಲಿ ವಿದ್ಯುತ್ತು ಹೋಯಿತೆನ್ನಿ. ಸ್ಕ್ರಿಪ್ಟನ್ನು ಪುನಃ ಮೊದಲಿನಿಂದ ಓಡಿಸಬೇಕು. ಮುಗಿದಿರುವ 92 ತಾಲ್ಲೂಕುಗಳ ಗತಿ ಏನು? ದಾಖಲೆಯ ಕೋಷ್ಟಕಕ್ಕೆ ಹೊಸದೊಂದು ಕಲಮು ಸೇರಿಸುವ ಆಜ್ಞೆ ಎರಡನೆಯ ಬಾರಿ ನಡೆದರೆ ಒಳ್ಳೆಯ ಪಕ್ಷದಲ್ಲಿ ದೋಷದ ಸೂಚನೆ ಬಂದು ನಿಂತೀತು; ಮೊತ್ತವೊಂದನ್ನು ಕೂಡಿಸುವ ಆಜ್ಞೆಯಾಗಿದ್ದರೆ ಸದ್ದಿಲ್ಲದೆ ಎರಡು ಸಲ ಕೂಡೀತು. ಇಲ್ಲಿ ಬೋಳಿಸಿದ ಕುರಿಯನ್ನೇ ಮತ್ತೆ ಬೋಳಿಸುವವನ ಕತೆ ಹಾಸ್ಯವಾಗಿ ಉಳಿಯುವುದಿಲ್ಲ. ಒಳ್ಳೆಯ ಸಾಗಣೆಯ ಸ್ಕ್ರಿಪ್ಟು ಪ್ರತಿ ಬಾಗಿಲಲ್ಲಿಯೂ ಮೊದಲು ಕೇಳಬೇಕಾದುದು, “ಇಲ್ಲಿ ಈಗ ಏನಿದೆ?” ಎಂದು. ಆಗಿದ್ದರೆ ಮುಂದಕ್ಕೆ, ಆಗದಿದ್ದರೆ ಮಾತ್ರ ಕೆಲಸಕ್ಕೆ. ಇದು ಬಿಲ್ಡ್ ಸಾಧನದ ಪ್ರಶ್ನೆಯೇ. ವೇಳೆಯ ಗುರುತಿನ ಬದಲು ಆವೃತ್ತಿಯ ಸಂಖ್ಯೆಯನ್ನು ನೋಡುತ್ತದೆ, ಅಷ್ಟೆ. ಎರಡು ಆಳುಗಳಲ್ಲಿ ಒಬ್ಬನನ್ನು ಆರಿಸುವುದಕ್ಕಿಂತ, ಎರಡನೆಯವನ ಬುದ್ಧಿಯನ್ನು ಮೊದಲನೆಯವನಿಗೆ ಕಲಿಸುವುದು ಹೆಚ್ಚು ಪ್ರಯೋಜನಕರವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಆಯ್ಕೆಯ ಕಷ್ಟದಲ್ಲಿರುವ ತರುಣನು ಹಾಗಾದರೆ ಏನು ಮಾಡಬೇಕು? ಯಾವುದರಿಂದ ಯಾವುದು ಹುಟ್ಟುತ್ತದೆಂಬ ಸಂಬಂಧ ಇರುವವರೆಗೆ, ಎಂದರೆ ಗಂಟು ಕಟ್ಟಿ ಮೊಹರು ಬೀಳುವವರೆಗೆ, ಬಿಲ್ಡ್ ಸಾಧನವನ್ನು ನಂಬಬಹುದು. ಗಂಟನ್ನು ಒಂದೇ ಸಲ ಕಟ್ಟಿ ಅದನ್ನೇ ಎಲ್ಲೆಡೆಗೂ ಕಳುಹಿಸಬೇಕು. ಊರೂರಿಗೆ ಬೇರೆ ಬೇರೆಯಾಗಿ ಕಟ್ಟಿದರೆ ಯಾವ ಊರಿನಲ್ಲಿ ಯಾವುದಿದೆಯೆಂದು ಹೇಳುವವರಿರುವುದಿಲ್ಲ. ಗಂಟು ಅಂಗಳ ದಾಟಿದ ಕ್ಷಣದಿಂದ ಸ್ಕ್ರಿಪ್ಟು. ಮೇಕ್ ಕಡತದೊಳಗೆ ಇನ್ನೂರು ಸಾಲು ಶೆಲ್ ತುರುಕುವವನು ಮೇಕ್‌ಗೂ ಶೆಲ್ಲಿಗೂ ಅನ್ಯಾಯ ಮಾಡುತ್ತಾನೆ. ಸ್ಕ್ರಿಪ್ಟಿನೊಳಗೆ ಕಡತಗಳ ವೇಳೆಯನ್ನು ಹೋಲಿಸುತ್ತ ಕೂರುವವನು, ಫೆಲ್ಡ್‌ಮನ್ ಒಂದು ರಜೆಯಲ್ಲಿ ಮುಗಿಸಿದುದನ್ನು ಒಂದು ವರ್ಷ ಬರೆಯುತ್ತಾನೆ. ಇನ್ನು ಪೈಥಾನೋ ಪರ್ಲೋ ಎಂಬ ಜಗಳ, ತಂಡದಲ್ಲಿ ಹೆಚ್ಚು ಜನ ಓದಬಲ್ಲುದು ಯಾವುದೋ ಅದರ ಪಾಲಿಗೆ ಹೋಗಲಿ. ಅದಕ್ಕಾಗಿ ಸಂಜೆಯನ್ನು ಕಳೆಯಬೇಕಾಗಿಲ್ಲ.

ಎಷ್ಟೋ ಕಡೆಗಳಲ್ಲಿ ಈ ಎರಡು ಆಳುಗಳೂ ಇಲ್ಲ. ಒಬ್ಬ ಮನುಷ್ಯನ ನೆನಪೇ ಅಲ್ಲಿ ಸಾಧನ. ಯಾವ ಯಂತ್ರವನ್ನು ಮೊದಲು ನಿಲ್ಲಿಸಬೇಕು, ಯಾವ ಕಡತವನ್ನು ಮುಟ್ಟಬಾರದು ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನಿಲ್ಲದೆ ಬಿಡುಗಡೆಯಿಲ್ಲ, ಆದುದರಿಂದ ಅವನಿಗೂ ಬಿಡುಗಡೆಯಿಲ್ಲ. ಊರ ಜಾತ್ರೆಗೆ ರಜೆ ಕೇಳಿದರೆ ಯಜಮಾನರ ಮುಖ ಬಾಡುತ್ತದೆ. ಅವನು ಜ್ವರದಲ್ಲಿ ಮಲಗಿದರೆ ದೂರವಾಣಿ ಹಾಸಿಗೆಗೇ ಬರುತ್ತದೆ. ಕೆಲವರಿಗೆ ಇದು ಹೆಮ್ಮೆ. ಬಲ್ಲವನು ಒಬ್ಬನೇ ಆಗಿರುವುದು ಕೆಲಸಕ್ಕೆ ಭದ್ರತೆಯೆಂದು ಎಣಿಸಿ ಬರೆದಿಡಲು ಮನಸ್ಸು ಮಾಡದವರೂ ಇದ್ದಾರೆ. ಮನೆಯಲ್ಲಿ ಊಟದ ತಟ್ಟೆಯ ಮುಂದೆ ಕಾಯುವವರಿಗೆ ಆ ಭದ್ರತೆಯ ಬೆಲೆ ಗೊತ್ತು.

ಬರೆದಿಡುವ ಕೆಲಸ ತಾನಾಗಿ ದೊಡ್ಡದಲ್ಲ. ಮುಂದಿನ ಬಿಡುಗಡೆಯ ರಾತ್ರಿ ಕೈಯಿಂದ ಕೊಡುವ ಒಂದೊಂದು ಆಜ್ಞೆಯನ್ನೂ ಒಂದು ಕಡತದಲ್ಲಿ ಕ್ರಮವಾಗಿ ನಕಲು ಮಾಡುತ್ತ ಹೋದರೆ ಬೆಳಗಾಗುವಷ್ಟರಲ್ಲಿ ಸ್ಕ್ರಿಪ್ಟಿನ ಮೊದಲ ಕರಡು ಇರುತ್ತದೆ. ಅದನ್ನು ತಂತ್ರಾಂಶದ ಮೂಲದೊಡನೆ ಒಂದೇ ಭಂಡಾರದಲ್ಲಿ ಇಟ್ಟರೆ ಇಬ್ಬರು ಓದುತ್ತಾರೆ, ಮೂರನೆಯವನು ತಿದ್ದುತ್ತಾನೆ. ಶೆಲ್ ಆಗಲಿ, ಮೇಕ್ ಆಗಲಿ, ಪೈಥಾನ್ ಆಗಲಿ, ಹ್ಯಾಶ್ ಚಿಹ್ನೆಯ ಮುಂದಿರುವ ಟಿಪ್ಪಣಿಯನ್ನು ಆಜ್ಞೆಯೆಂದು ಎಣಿಸುವುದಿಲ್ಲ. ಅದು ಮುಂದೆ ಓದುವ ಮನುಷ್ಯನಿಗಾಗಿ ಬಿಟ್ಟ ಜಾಗ. ಯೂನಿಕೋಡ್ ಬಂದ ಮೇಲೆ ಆ ಜಾಗದಲ್ಲಿ ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಉಳಿದಿಲ್ಲ. ‘ಈ ಸಾಲನ್ನು ತೆಗೆಯಬೇಡಿ, ತೆಗೆದರೆ ಹಳೆಯ ಆವೃತ್ತಿ ಮರಳಿ ಬರುವುದಿಲ್ಲ’ ಎಂದು ಅಚ್ಚಕನ್ನಡದಲ್ಲಿ ಬರೆದಿಟ್ಟರೆ, ಮುಂದಿನ ಬಿಡುಗಡೆಯ ರಾತ್ರಿ ಆ ಕುರ್ಚಿಯಲ್ಲಿ ಇನ್ನೊಬ್ಬನು ಕೂರಬಹುದು. ಮೊದಲಿನವನು ಏಳು ಗಂಟೆಯ ಬಸ್ಸಿಗೆ ಚಳ್ಳಕೆರೆಯ ಕಡೆ ಹೊರಡಬಹುದು.